ಆಲ್ ಇಂಗ್ಲೆಂಡ್ ದೊಡ್ಡದು ಸರಿ, ಲಕ್ನೋ ಎಂತ ಸಣ್ಣದಾ?

ಪೆರ್ಲ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ಉದ್ದ ಪತ್ರ ಬರ್ದಿದ್ದಾರೆ. ಅದರ ಸಾರ ಇಷ್ಟು: "ಕಳೆದ ಸಂಚಿಕೆಯಲ್ಲಿ ಏಷ್ಯನ್ ಬ್ಯಾಡ್ಮಿಂಟನ್ ಚಾಂಪಿಯನ್‌ಶಿಪ್ ಚರಿತ್ರೆ ಅಂತ ಎರಡು ಪುಟ ತುಂಬಿಸಿದ್ದೀರಿ. ಬ್ಯಾಡ್ಮಿಂಟನ್ ಅಂದ್ರೆ ಆಲ್ ಇಂಗ್ಲೆಂಡ್ ಮತ್ತು ಒಲಿಂಪಿಕ್ಸ್, ಉಳಿದದ್ದೆಲ್ಲ ಎರಡನೇ ದರ್ಜೆ. 1965ರಲ್ಲಿ ಲಕ್ನೋದಲ್ಲಿ ಚೀನಾದವರೇ ಇಲ್ಲದ ಟೂರ್ನಿಯಲ್ಲಿ ದಿನೇಶ್ ಖನ್ನಾ ಗೆದ್ದದ್ದಕ್ಕೆ ಅಷ್ಟು ಹೊಗಳಿಕೆ ಯಾಕೆ? ಕಾಸರಗೋಡಿನ ಕನ್ನಡ ಪತ್ರಿಕೆಗೆ ಲಕ್ನೋ, ದುಬೈ ಎಲ್ಲ ಎಂತಕ್ಕೆ? ಊರಿನ ಸುದ್ದಿ ಹಾಕಿ."

ಮಾಷ್ಟ್ರೇ, ಇಷ್ಟು ಕೂತು ಓದಿ, ತಪ್ಪು ಹುಡುಕಿ, ಕೈಬರಹದಲ್ಲಿ ಪತ್ರ ಬರೆಯುವ ಓದುಗರು ಈಗ ಸಿಗುದಿಲ್ಲ, ಅದಕ್ಕೆ ಮೊದಲು ನಮಸ್ಕಾರ. ಆಲ್ ಇಂಗ್ಲೆಂಡ್ ದೊಡ್ಡದು ಅನ್ನುದರಲ್ಲಿ ತಕರಾರಿಲ್ಲ. 1899ರಿಂದ ನಡೀತಾ ಬಂದದ್ದು, ವರ್ಲ್ಡ್ ಚಾಂಪಿಯನ್‌ಶಿಪ್ ಅಂತ ಬೇರೆ ಶುರುವಾದದ್ದೇ 1977ರಲ್ಲಿ, ಅಲ್ಲಿವರೆಗೆ ಆಲ್ ಇಂಗ್ಲೆಂಡ್ ಗೆದ್ದವರನ್ನೇ ಲೋಕದ ಚಾಂಪಿಯನ್ ಅಂತ ಲೆಕ್ಕ ಹಾಕ್ತಿದ್ರು. ಒಪ್ಪಿದೆ. ಆದ್ರೆ "ಎರಡನೇ ದರ್ಜೆ" ಅಂತೀರಲ್ಲ, ಅಲ್ಲಿ ನನಗೆ ನಿಮ್ಮ ಹತ್ರ ಜಗಳ ಉಂಟು.

ಮೊದಲು ಚೀನಾದ ವಿಷಯಕ್ಕೇ ಬರ್ತೇನೆ. ಚೀನಾ ಅಂತಾರಾಷ್ಟ್ರೀಯ ಬ್ಯಾಡ್ಮಿಂಟನ್ ಫೆಡರೇಶನ್‌ಗೆ ಸೇರಿದ್ದು 1981ರಲ್ಲಿ. ಹಾಗಾದ್ರೆ 1980ರ ಮಾರ್ಚ್‌ನಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ಲಂಡನ್‌ನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ನನ್ನು 15-3, 15-10ರಲ್ಲಿ ಮಣಿಸಿದ ಆ ಆಲ್ ಇಂಗ್ಲೆಂಡ್‌ನಲ್ಲೂ ಚೀನಾದವರು ಇರ್ಲಿಲ್ಲ! ಅದನ್ನ ನೀವು ಕಡಿಮೆ ಮಾಡ್ತೀರಾ? ಮಾಡುದಿಲ್ಲ, ನಾನೂ ಮಾಡುದಿಲ್ಲ. ಕಿಂಗ್ ಅದಕ್ಕಿಂತ ಮುಂಚಿನ ಎರಡು ವರ್ಷ ಅಲ್ಲಿ ಗೆದ್ದವ, ಅವನನ್ನ ಸೋಲಿಸುದು ಅಂದ್ರೆ ಹುಡುಗಾಟ ಅಲ್ಲ. ಮತ್ತೆ ಚೀನಾದವರು ಬಂದ ಕೂಡ್ಲೆ, 1981ರಲ್ಲೇ, ಕ್ವಾಲಾಲಂಪುರದ ವರ್ಲ್ಡ್ ಕಪ್ ಫೈನಲ್‌ನಲ್ಲಿ ಚೀನಾದ ಹಾನ್ ಜಿಯಾನ್‌ಗೆ ಮೊದಲ ಗೇಮ್‌ನಲ್ಲಿ ಒಂದು ಪಾಯಿಂಟ್ ಕೂಡ ಕೊಡದೆ 15-0, 18-16 ಅಂತ ಗೆದ್ದು ತೋರಿಸಿದ್ರು ಪ್ರಕಾಶ್. ಲಂಡನ್‌ಗೆ ಒಂದು ಅಳತೆ, ಲಕ್ನೋಗೆ ಇನ್ನೊಂದು ಅಳತೆ ಬೇಡ ಮಾಷ್ಟ್ರೇ.

ಲಕ್ನೋದಲ್ಲಿ ಖನ್ನಾರಿಗೆ 22 ವರ್ಷ. ಏಷ್ಯನ್ ಬ್ಯಾಡ್ಮಿಂಟನ್ ಕಾನ್ಫೆಡರೇಶನ್ ಹುಟ್ಟಿದ್ದು 1959ರಲ್ಲಿ, ಮೊದಲ ಚಾಂಪಿಯನ್‌ಶಿಪ್ 1962ರಲ್ಲಿ ಕ್ವಾಲಾಲಂಪುರದಲ್ಲಿ, ಎರಡನೆಯದೇ ನಮ್ಮ ದೇಶದಲ್ಲಿ. ಫೈನಲ್‌ನಲ್ಲಿ ಥಾಯ್ಲೆಂಡ್‌ನ ಸಂಗೋಬ್ ರತ್ತನುಸೋರ್ನ್ ಎದುರು 15-3, 15-11. ಭಾರತದವರೊಬ್ಬರು ಏಷ್ಯಾ ಚಾಂಪಿಯನ್ ಆದದ್ದು ಅದೇ ಮೊದಲು. ಅದಾದ ಮೇಲೆ ಎಷ್ಟು ಕಾಲ ಕಾಯ್ಬೇಕಾಯ್ತು ಗೊತ್ತುಂಟಲ್ಲ? 1969ರಲ್ಲಿ ಮನಿಲಾ, 1971ರಲ್ಲಿ ಜಕಾರ್ತಾ, 1976ರಲ್ಲಿ ನಮ್ಮದೇ ಹೈದರಾಬಾದ್, 1983ರಲ್ಲಿ ಕಲ್ಕತ್ತಾ, ಚಿನ್ನ ಮಾತ್ರ ಇಲ್ಲ. ಆಮೇಲೆ ವರ್ಷವರ್ಷ ನಡೀಲಿಕ್ಕೆ ಶುರುವಾಯ್ತು, ಆಗಲೂ ಇಲ್ಲ. ಸೈನಾ ಮೂರು ಸಲ ಕಂಚು, ಸಿಂಧು 2014ರಲ್ಲಿ ಮತ್ತೆ 2022ರಲ್ಲಿ ಕಂಚು, ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಜೋಡಿಗೂ 2014ರಲ್ಲಿ ಕಂಚು. ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತಂದು ವರ್ಲ್ಡ್ ಚಾಂಪಿಯನ್ ಕೂಡ ಆದ ಸಿಂಧುವಿಗೇ ಏಷ್ಯಾದಲ್ಲಿ ಸಿಕ್ಕಿದ್ದು ಕಂಚು ಅಂದ್ರೆ ಅದು ಎರಡನೇ ದರ್ಜೆಯ ಟೂರ್ನಿ ಹೇಗೆ ಆಗ್ತದೆ?

ದೇಶ ದೇಶದ ಪುರುಷರ ಟೀಮ್‌ಗಳು ಆಡುವ ಥಾಮಸ್ ಕಪ್‌ನ ಪಟ್ಟಿ ತೆಗೆದು ನೋಡಿ. 1949ರಲ್ಲಿ ಮಲಯಾ ಗೆದ್ದಲ್ಲಿಂದ 2024ರವರೆಗೆ ಏಷ್ಯಾದ ಹೊರಗಿನವರ ಕೈಗೆ ಆ ಕಪ್ ಹೋದದ್ದು ಒಂದೇ ಸಲ, 2016ರಲ್ಲಿ ಡೆನ್ಮಾರ್ಕ್‌ಗೆ. ಅಕ್ಸೆಲ್ಸನ್, ಕರೋಲಿನಾ ಮರೀನ್ ಅಂಥವರು ಯುರೋಪಿನಲ್ಲಿ ಹುಟ್ಟಿದ್ದಾರೆ, ಹೌದು, ದೊಡ್ಡ ಆಟಗಾರರೇ. ಆದ್ರೆ ಚೀನಾ, ಇಂಡೋನೇಷ್ಯಾ, ಮಲೇಷ್ಯಾ, ಕೊರಿಯಾ, ಜಪಾನ್, ಥಾಯ್ಲೆಂಡ್, ತೈವಾನ್ ಎಲ್ಲ ಒಂದೇ ಡ್ರಾದಲ್ಲಿ ತುಂಬಿಕೊಂಡ್ರೆ ಮೊದಲ ರೌಂಡ್‌ನಲ್ಲೇ ಸುಲಭದ ಎದುರಾಳಿ ಯಾರಿಗೂ ಸಿಗುದಿಲ್ಲ.

ಇನ್ನು ದುಬೈ. ಮಾಷ್ಟ್ರೇ, ಕಾಸರಗೋಡಿನವರಾಗಿ ದುಬೈ ನಮಗೆ ಎಂತಕ್ಕೆ ಅಂತ ನೀವೇ ಕೇಳಿದ್ರೆ ಹೇಗೆ? ಇಲ್ಲಿ ಯಾವ ಮನೆಯವರಿಗೆ ಅಲ್ಲಿ ಒಬ್ಬ ಮಗನೋ ಅಳಿಯನೋ ಇಲ್ಲ ಹೇಳಿ. 2023ರ ಏಪ್ರಿಲ್ 30ಕ್ಕೆ ಅಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನ ಪುರುಷರ ಡಬಲ್ಸ್ ಫೈನಲ್ ನೋಡ್ಲಿಕ್ಕೆ ನಮ್ಮ ಚಂದಾದಾರರೊಬ್ಬರು ಹೋಗಿದ್ರು, ಉಪ್ಪಳದವರು, ರಜೆಯಲ್ಲಿ ಬಂದಾಗ ಆಫೀಸಿಗೆ ಬಂದು ಕೂತು ಆ ಕಥೆ ಹೇಳಿದ್ದಾರೆ. ನಮ್ಮ ಸಾತ್ವಿಕ್, ಚಿರಾಗ್ ಜೋಡಿ ಮಲೇಷ್ಯಾದ ಜೋಡಿಗೆ ಮೊದಲ ಗೇಮ್ 16-21ರಲ್ಲಿ ಸೋತಾಗ ಪಕ್ಕದಲ್ಲಿ ಕೂತ ಮಲೇಷ್ಯಾದವರು ಡೋಲು ಬಡೀತಿದ್ರಂತೆ, ಎರಡನೆಯದು 21-17, ಮೂರನೆಯದರಲ್ಲಿ ಉಸಿರು ಬಿಡ್ಲಿಕ್ಕೂ ಆಗದ ಹಾಗೆ 21-19. ಅವರಿಗೆ ಹೇಳುವಾಗ್ಲೇ ಗಂಟಲು ಕಟ್ಟಿತ್ತು. ಖನ್ನಾ ಗೆದ್ದು 58 ವರ್ಷದ ಮೇಲೆ ಬಂದ ಚಿನ್ನ ಅದು. ಪುರುಷರ ಡಬಲ್ಸ್‌ನಲ್ಲಂತೂ ಅದಕ್ಕೆ ಮೊದಲು ನಮಗಿದ್ದದ್ದು 1971ರ ಒಂದು ಕಂಚು ಮಾತ್ರ, ದೀಪು ಘೋಷ್ ಮತ್ತು ರಮಣ್ ಘೋಷ್ ತಂದದ್ದು. ಮರುವರ್ಷ ಮಲೇಷ್ಯಾದ ಶಾ ಆಲಂನಲ್ಲಿ ಮಹಿಳೆಯರ ಏಷ್ಯನ್ ಟೀಮ್ ಚಾಂಪಿಯನ್‌ಶಿಪ್ ಫೈನಲ್, ಥಾಯ್ಲೆಂಡ್ ಎದುರು 2-2 ಆಗಿದ್ದಾಗ ಕೊನೆಯ ಮ್ಯಾಚ್ ಆಡಿ ಗೆಲ್ಲಿಸಿದವಳು 17 ವರ್ಷದ ಅನ್ಮೋಲ್ ಖರಬ್. ಇದನ್ನ ನಮ್ಮ ಹೈಸ್ಕೂಲ್ ಹೆಣ್ಮಕ್ಕಳಿಗೆ ಹೇಳ್ಬೇಡ್ವಾ?

ನನ್ನ ಹೊಟ್ಟೆಯುರಿ ಬೇರೆ ಉಂಟು, ಈಗ ಅದನ್ನೂ ಹೇಳಿಬಿಡ್ತೇನೆ. ದೂರದ್ದು ದೊಡ್ಡದು, ಹತ್ತಿರದ್ದು ಬರೆದಿಡ್ಲಿಕ್ಕೆ ಯೋಗ್ಯ ಅಲ್ಲ ಅನ್ನುವ ಬುದ್ಧಿ ನಮ್ಮಲ್ಲಿ ಮೂಳೆವರೆಗೆ ಇಳಿದಿದೆ. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಮದುವೆ ಇದ್ದ ದಿನ ಪ್ರಕಾಶರಿಗೆ ಪ್ರಾಕ್ಟೀಸ್ ಇಲ್ಲ, ಅಂಥ ಜಾಗದಿಂದ ಬಂದವರು ಅವರು. ಲಂಡನ್‌ನಲ್ಲಿ ಗೆದ್ದ ಮೇಲೆ ಆ ಹಾಲ್ ಎಲ್ಲರಿಗೂ ನೆನಪಾಯ್ತು. ಗೆಲ್ಲದೆ ಇದ್ದಿದ್ರೆ? ನಮ್ಮಲ್ಲಿ ಅಡಿಕೆ ಅಂಗಳದಲ್ಲಿ ನೆಟ್ ಕಟ್ಟಿ, ಬಲ್ಬ್ ಹಾಕಿ, ನೈಲಾನ್ ಶಟಲ್‌ನಲ್ಲಿ ರಾತ್ರಿ ಹತ್ತರವರೆಗೆ ಆಡುವ ಮಕ್ಕಳಿದ್ದಾರೆ, ಕುಂಬಳೆಯಲ್ಲಿ ಬದಿಯಡ್ಕದಲ್ಲಿ ಮುಳ್ಳೇರಿಯದಲ್ಲಿ ಎಲ್ಲ ಕಡೆ. ಅವರ ಟೂರ್ನಮೆಂಟ್ ವರದಿ ನಮ್ಮ ಆಫೀಸಿಗೆ ಬರ್ತದೆ, ಓದಿದ್ರೆ ಬೇಜಾರಾಗ್ತದೆ. ಯಾರು ಉದ್ಘಾಟಿಸಿದ್ರು, ಯಾರು ಅಧ್ಯಕ್ಷತೆ ವಹಿಸಿದ್ರು, ಯಾರು ಸ್ವಾಗತಿಸಿ ಯಾರು ವಂದಿಸಿದ್ರು, ಎಲ್ಲ ಉಂಟು, ಗೆದ್ದ ಜೋಡಿಯ ಹೆಸರು ಕೊನೆಯ ಸಾಲಲ್ಲಿ, ಸೋತವರ ಹೆಸರೇ ಇಲ್ಲ, ಸ್ಕೋರ್ ಅಂತೂ ಕೇಳ್ಬೇಡಿ. ನಾವು ಫೋನ್ ಮಾಡಿ ಕೇಳಿದ್ರೆ "ಅದು ಯಾರಿಗೆ ಬೇಕು ಸಾರ್" ಅಂತಾರೆ. ಕನ್ನಡ ಮೀಡಿಯಂ ಶಾಲೆಯ ಹುಡುಗಿ ಜಿಲ್ಲಾ ಟೀಮಿಗೆ ಸೆಲೆಕ್ಟ್ ಆದ್ರೆ ಆಚೆಯ ಕನ್ನಡ ಪೇಪರಿಗೆ ಅವಳು ಕೇರಳದವಳು, ಈಚೆಯ ಮಲಯಾಳಂ ಪೇಪರಿನಲ್ಲಿ ಅವಳ ಹೆಸರು ತಪ್ಪು. ಇಪ್ಪತ್ತು ವರ್ಷದ ನಂತರ ಅವಳ ಮಗಳು "ಅಮ್ಮ ಆಡಿದ್ದು ಎಲ್ಲುಂಟು?" ಅಂತ ಕೇಳಿದ್ರೆ ತೋರಿಸ್ಲಿಕ್ಕೆ ಒಂದು ತುಂಡು ಕಾಗದ ಇಲ್ಲ.

ಊರಿನ ಸುದ್ದಿ ಹಾಕಿ ಅಂತ ನೀವು ಹೇಳಿದ್ದನ್ನ ನಾನು ಪೂರ್ತಿ ಒಪ್ಪಿಕೊಳ್ತೇನೆ, ಲಕ್ನೋವನ್ನ ಬಿಟ್ಟು ಅಲ್ಲ, ಲಕ್ನೋದ ಪಕ್ಕದಲ್ಲೇ. ನಿಮ್ಮ ಪತ್ರದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಮಾತು ಉಂಟು, ನೀವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಲೆಯ ಬಾಲ್ ಬ್ಯಾಡ್ಮಿಂಟನ್ ಟೀಮನ್ನ ಬಸ್ಸಿನಲ್ಲಿ ಕರ್ಕೊಂಡು ಕಣ್ಣೂರಿಗೆ ಹೋಗಿದ್ದೆ ಅಂತ. ಅಷ್ಟು ದೊಡ್ಡ ವಿಷಯವನ್ನ ಹಿಂಬದಿಯಲ್ಲಿ ಬರೆಯುದಾ ಮಾಷ್ಟ್ರೇ? ಐದು ಜನ ಯಾರ್ಯಾರು, ಯಾವ ಇಸವಿ, ಎದುರು ಯಾವ ಶಾಲೆ, ನೆನಪಿದ್ರೆ ಸ್ಕೋರ್ ಸಮೇತ ಬರೆದು ಕಳ್ಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗೇ ಇಟ್ಟಿರ್ತೇನೆ, ಫೋಟೊ ಇದ್ರೆ ಅದನ್ನೂ ಹಾಕಿ, ನೋಡಿ ಜೋಪಾನವಾಗಿ ವಾಪಸ್ ಕಳಿಸ್ತೇವೆ.

ಸಂ.