ಬ್ಲಾಗು, ಪಟ್ಟಿ, ಮಕ್ಕಳ ಚಿತ್ರ: ತಾಯಂದಿರ ಮತ್ತು ಸ್ವಯಂಸೇವಕರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಶಿರಸಿ ಕಡೆಯವಳು, ಇಬ್ಬರು ಮಕ್ಕಳ ತಾಯಿ. ಅಜ್ಜಿ ಹೇಳಿಕೊಟ್ಟ ಬಾಣಂತಿ ಅಡುಗೆ, ಕಷಾಯ, ಎಣ್ಣೆಸ್ನಾನದ ಕ್ರಮಗಳನ್ನು ಎರಡು ವರ್ಷಗಳಿಂದ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಸೇರಿದವರು ಬರೆದದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಬ್ಲಾಗು ತೆರೆಯುವ ಆಸೆಯಿದೆ, ಆದರೆ ನನ್ನ ಬಳಿ ಮೊಬೈಲು ಮಾತ್ರ ಇದೆ. ಹೇಗೆ ಆರಂಭಿಸಲಿ?

ಉತ್ತರ: ಇಂದು ಗುಂಪಿಗೆ ಸೇರಿದ ಬಾಣಂತಿಗೆ ನೀವು ಹೋದ ವರ್ಷ ಬರೆದ ಜೀರಿಗೆ ಕಷಾಯದ ಅಳತೆ ತಾನಾಗಿ ಕಾಣಿಸುವುದಿಲ್ಲ, ಗುಂಪಿನ ಹೊರಗಿರುವವಳಿಗೆ ಅಂಥದ್ದೊಂದು ಬರಹ ಇದೆಯೆಂಬುದೇ ಗೊತ್ತಾಗುವುದಿಲ್ಲ. ಆದ್ದರಿಂದ ನಿಮ್ಮ ಆಲೋಚನೆ ಸರಿಯಾದದ್ದು, ಅದಕ್ಕೆ ಮೊಬೈಲು ಸಾಕು. ಹಣ ಖರ್ಚಿಲ್ಲದೆ ಬರೆಯಲು ಗೂಗಲ್‌ನ ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಡಾಟ್ ಕಾಮ್ ಎರಡೂ ಒದಗುತ್ತವೆ. ಬ್ಲಾಗರ್ 1999ರಲ್ಲಿ ಆರಂಭವಾಗಿ 2003ರಲ್ಲಿ ಗೂಗಲ್ ಕೈಸೇರಿದ್ದು. ನೋಟಕ್ಕೆ ಹಳೆಯ ಕಾಲದ್ದೆನಿಸಿದರೂ, ಮೊಬೈಲಿನ ಬ್ರೌಸರಿನಲ್ಲಿಯೇ ಎಲ್ಲ ಕೆಲಸ ಮುಗಿಯುವುದರಿಂದ ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ. ಜಿಮೇಲ್ ಖಾತೆಯೊಂದಿದ್ದರೆ ಅರ್ಧ ಗಂಟೆಯಲ್ಲಿ ಮೊದಲ ಬರಹ ಪ್ರಕಟವಾಗುತ್ತದೆ.

ಕನ್ನಡದಲ್ಲಿ ಬರೆಯುವವರು ಒಂದು ತೊಡಕನ್ನು ಮೊದಲೇ ತಿಳಿದಿರಬೇಕು. ಬ್ಲಾಗರ್ ಪ್ರತಿ ಬರಹದ ಶೀರ್ಷಿಕೆಯಿಂದ ಅದರ ವಿಳಾಸವನ್ನು ರಚಿಸುತ್ತದೆ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಆ ವಿಳಾಸ ‘ಬ್ಲಾಗ್ ಪೋಸ್ಟ್’ ಎಂಬ ಪದ ಮತ್ತು ಒಂದು ಸಂಖ್ಯೆಯಷ್ಟೇ ಆಗಿ ಉಳಿಯುತ್ತದೆ, ನಲವತ್ತು ಬರಹಗಳಾದ ಮೇಲೆ ಯಾವ ಕೊಂಡಿ ಯಾವುದರದ್ದೆಂದು ನಿಮಗೇ ತಿಳಿಯುವುದಿಲ್ಲ. ಪ್ರಕಟಿಸುವ ಮುನ್ನ ಪಕ್ಕದಲ್ಲಿರುವ ಪರ್ಮಾಲಿಂಕ್ ಎಂಬ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಜೀರಿಗೆ ಕಷಾಯ’ ಎಂಬಂತೆ ನೀವೇ ವಿಳಾಸ ಬರೆಯಿರಿ. ಶೀರ್ಷಿಕೆ ಮಾತ್ರ ಕನ್ನಡದಲ್ಲಿಯೇ ಇರಲಿ, ಅದರಲ್ಲಿ ಜನ ಹುಡುಕುವ ಪದವೂ ಇರಲಿ. ‘ಅಜ್ಜಿಯ ಕೈರುಚಿ’ ಎಂದು ಹುಡುಕುವವರಿಲ್ಲ. ‘ಬಾಣಂತಿಗೆ ಅಳವಿ ಪಾಯಸ’ ಎಂದು ಹುಡುಕುವವರಿದ್ದಾರೆ. ಒಂದೇ ಪದಾರ್ಥಕ್ಕೆ ನಿಮ್ಮಲ್ಲಿ ಒಂದು ಹೆಸರು, ಧಾರವಾಡದ ಕಡೆ ಇನ್ನೊಂದು ಹೆಸರು ಇದ್ದರೆ ಎರಡನ್ನೂ ಬರಹದೊಳಗೆ ಸೇರಿಸಿ.

ಮೊಬೈಲಿನಲ್ಲಿ ಉದ್ದ ಬರಹವನ್ನು ಅಕ್ಷರ ಒತ್ತಿ ಬರೆಯುವುದು ಕಷ್ಟವೆನಿಸಿದರೆ ಗೂಗಲ್‌ನ ಜಿಬೋರ್ಡ್ ಕೀಲಿಮಣೆಯಲ್ಲಿರುವ ಮೈಕಿನ ಗುರುತು ಒತ್ತಿ ಮಾತನಾಡಿ. ಕನ್ನಡಕ್ಕೆ ಈ ಸೌಲಭ್ಯ 2017ರಿಂದ ಇದೆ. ಅಜ್ಜಿ ಇನ್ನೂ ನಿಮ್ಮೊಡನಿದ್ದರೆ ಅವರನ್ನು ಎದುರಿಗೆ ಕೂರಿಸಿಕೊಂಡು, ಅವರು ಹೇಳಿದ್ದನ್ನು ನೀವು ಪುನರುಚ್ಚರಿಸುತ್ತ ಹೋಗುವುದು ಇನ್ನೂ ಒಳ್ಳೆಯದು. ಆದರೆ ಈ ಯಂತ್ರ ಗ್ರಂಥಭಾಷೆಗೆ ಒಗ್ಗಿಕೊಂಡಷ್ಟು ಮನೆಮಾತಿಗೆ ಒಗ್ಗಿಲ್ಲವಾಗಿ, ನಿಮ್ಮ ಸೀಮೆಯ ಪದಗಳನ್ನು ತನಗೆ ಗೊತ್ತಿರುವ ಪದಗಳಾಗಿ ಬದಲಿಸಿಬಿಡುತ್ತದೆ. ಒಮ್ಮೆ ಪೂರ್ತಿ ಓದಿ, ಅಜ್ಜಿಯ ಪದಗಳನ್ನು ಅವುಗಳ ಜಾಗದಲ್ಲಿ ಮರಳಿ ಕೂರಿಸಿ. ನಿಮ್ಮ ಬ್ಲಾಗಿನ ನಿಜವಾದ ಬೆಲೆ ಆ ಪದಗಳಲ್ಲಿದೆ.

ಇನ್ನೊಂದು ಮಾತನ್ನು ತುಸು ಗಟ್ಟಿಯಾಗಿಯೇ ಹೇಳಬೇಕಾಗಿದೆ. ಬಾಣಂತನದ ವಿಷಯ ಬರೆಯುವಾಗ ‘ನಮ್ಮ ಮನೆಯಲ್ಲಿ ಹೀಗೆ ಮಾಡುತ್ತಿದ್ದರು’ ಎಂಬ ನೆನಪನ್ನೂ ‘ನೀವು ಹೀಗೆ ಮಾಡಿ’ ಎಂಬ ಸಲಹೆಯನ್ನೂ ಬೆರೆಸಬೇಡಿ. ಕಾಳುಮೆಣಸಿನ ಸಾರು, ಅಂಟಿನುಂಡೆಗಳ ವಿಧಾನ ಬರೆದರೆ ಯಾರ ತಕರಾರೂ ಇರಲಾರದು. ಆದರೆ ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವುದು ಅನೇಕ ಮನೆಗಳ ಸಂಪ್ರದಾಯವಾಗಿದ್ದರೂ, ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಟ್ಟರೆ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದೆಂದು ವೈದ್ಯರು ಎಚ್ಚರಿಸುತ್ತಾರೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕು, ನೀರು ಕೂಡ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಪದ್ಧತಿಯನ್ನು ಮುಚ್ಚಿಡಬೇಕಾಗಿಲ್ಲ. ಅದರ ಪಕ್ಕದಲ್ಲಿಯೇ, ಅದೇ ಗಾತ್ರದ ಅಕ್ಷರದಲ್ಲಿ, ಇಂದು ಅದನ್ನು ಏಕೆ ಮಾಡಬಾರದೆಂದು ಬರೆಯಿರಿ. ನಿಮ್ಮ ಗುಂಪಿನವರು ನಿಮ್ಮನ್ನು ಪ್ರಶ್ನಿಸಬಲ್ಲರು. ರಾತ್ರಿ ಎರಡು ಗಂಟೆಗೆ ಅಳುವ ಕೂಸನ್ನು ಎತ್ತಿಕೊಂಡು ನಿಮ್ಮ ಪುಟ ಓದುವ ಅಪರಿಚಿತ ತಾಯಿ ಪ್ರಶ್ನಿಸಲಾರಳು.

ಪ್ರಶ್ನೆ: ನಮ್ಮ ಮಹಿಳಾ ಸಮಾಜದ ಹದಿನೈದು ವರ್ಷಗಳ ವರದಿಗಳು ನುಡಿ ತಂತ್ರಾಂಶದಲ್ಲಿವೆ. ಬ್ಲಾಗಿಗೆ ನಕಲು ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಎಲ್ಲವನ್ನೂ ಮತ್ತೆ ಬೆರಳಚ್ಚು ಮಾಡಬೇಕೆ?

ಉತ್ತರ: ಬೇಡ. ಹಳೆಯ ‘ನುಡಿ’ ಮತ್ತು ‘ಬರಹ’ ತಂತ್ರಾಂಶಗಳ ಕಡತಗಳಲ್ಲಿ ಕಂಪ್ಯೂಟರು ಉಳಿಸಿಕೊಂಡಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ. ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುವುದು ಆ ಫಾಂಟ್ ಮಾತ್ರ. ಫಾಂಟ್ ಇಲ್ಲದ ಕಡೆ ಆಕಾರ ಕಳಚಿ ಬೀಳುತ್ತದೆ. ಯುನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ. ಹಳೆಯ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಪರಿವರ್ತನೆಯಾದ ಮೇಲೆ ಎರಡು ಕಡೆ ಕಣ್ಣಾಡಿಸಿ. ಒಂದು, ‘ಸೂರ್ಯ’, ‘ವರ್ಷ’, ‘ಕಾರ್ಯದರ್ಶಿ’ಯಂಥ ಪದಗಳಲ್ಲಿ ಅರ್ಕಾವೊತ್ತು ಜಾಗ ತಪ್ಪಿದೆಯೇ ಎಂದು. ಇನ್ನೊಂದು, ಮೂಲದಲ್ಲಿ ಇಂಗ್ಲಿಷಿನಲ್ಲಿದ್ದ ಹೆಸರು, ಮಿಂಚಂಚೆ ವಿಳಾಸಗಳು. ಸಂಕೇತ ಒಂದೇ ಆದ್ದರಿಂದ ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಕಲಸಿರುತ್ತದೆ. ಹಣದ ಅಂಕಿಗಳನ್ನು ಮೂಲದೊಡನೆ ಒಂದೊಂದಾಗಿ ತಾಳೆ ನೋಡಿ. ಮೂಲ ಕಡತಗಳನ್ನು ಅಳಿಸಬೇಡಿ.

ಪ್ರಶ್ನೆ: ಕೋಲಾರ ಜಿಲ್ಲೆಯ ಕೆಲವು ಸರಕಾರಿ ಶಾಲೆಗಳಲ್ಲಿ ನಾವು ಮೂವತ್ತು ಜನ ಸ್ವಯಂಸೇವಕರು ಶನಿವಾರದ ಓದಿನ ತರಗತಿ ನಡೆಸುತ್ತೇವೆ. ಯಾರು, ಯಾವ ಶಾಲೆಗೆ, ಯಾವಾಗ ಹೋಗುತ್ತಾರೆಂಬುದು ಪ್ರತಿ ಶುಕ್ರವಾರ ರಾತ್ರಿ ಗೊಂದಲವಾಗುತ್ತದೆ. ಸರಳವಾದ ಸಾಧನ ಯಾವುದು?

ಉತ್ತರ: ಗೂಗಲ್ ಫಾರ್ಮ್ಸ್ ಮತ್ತು ಗೂಗಲ್ ಶೀಟ್ಸ್, ಇವೆರಡರ ಆಚೆ ನಿಮಗೆ ಸದ್ಯಕ್ಕೆ ಏನೂ ಬೇಡ. ಫಾರ್ಮಿನಲ್ಲಿ ಸ್ವಯಂಸೇವಕರು ತುಂಬಿದ್ದು ತಾನಾಗಿಯೇ ಶೀಟಿನಲ್ಲಿ ಸಾಲುಸಾಲಾಗಿ ಕೂಡುತ್ತದೆ. ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಬರೆಯಿರಿ, ನಾಲ್ಕೈದು ಸಾಕು. ಶಾಲೆಯ ಹೆಸರನ್ನು ಬೆರಳಚ್ಚು ಮಾಡಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡಿ. ಇಲ್ಲವಾದರೆ ಒಬ್ಬರು ಕನ್ನಡದಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ, ಮತ್ತೊಬ್ಬರು ಬರಿಯ ಊರಿನ ಹೆಸರನ್ನಷ್ಟೇ ಬರೆದು, ಒಂದೇ ಶಾಲೆ ನಿಮ್ಮ ಶೀಟಿನಲ್ಲಿ ಮೂರು ಶಾಲೆಗಳಾಗುತ್ತದೆ. ಚಿತ್ರ ಅಥವಾ ಕಡತ ಕೇಳುವ ಪ್ರಶ್ನೆಯನ್ನು ಸೇರಿಸಿದರೆ ತುಂಬುವವರು ಗೂಗಲ್ ಖಾತೆಯೊಳಗೆ ಪ್ರವೇಶಿಸಿರಲೇಬೇಕಾಗುತ್ತದೆ. ಅಲ್ಲಿಗೆ ಅರ್ಧ ಜನ ಕೈಬಿಡುತ್ತಾರೆ, ಆದ್ದರಿಂದ ಚಿತ್ರಗಳನ್ನು ಬೇರೆ ದಾರಿಯಿಂದ ತರಿಸಿಕೊಳ್ಳಿ.

ಅನುಮತಿಗಳ ವಿಷಯದಲ್ಲಿ ಮಾತ್ರ ಅವಸರ ಬೇಡ. ‘ಕೊಂಡಿ ಇರುವ ಯಾರಾದರೂ ತಿದ್ದಬಹುದು’ ಎಂಬ ಆಯ್ಕೆಯನ್ನು ಒತ್ತಿ ಗುಂಪಿಗೆ ಕಳುಹಿಸಿದರೆ, ಮೂವತ್ತು ಜನರ ದೂರವಾಣಿ ಸಂಖ್ಯೆಗಳು ಆ ಕೊಂಡಿ ಎಲ್ಲೆಲ್ಲಿ ತಲಪುವುದೋ ಅಲ್ಲೆಲ್ಲ ತೆರೆದುಕೊಳ್ಳುತ್ತವೆ, ಮತ್ತು ಯಾರದೋ ಬೆರಳು ತಾಗಿ ಒಂದು ಸಾಲು ಅಳಿಸಿಹೋದರೂ ಆಶ್ಚರ್ಯವಿಲ್ಲ. ತಿದ್ದುವ ಅಧಿಕಾರ ಇಬ್ಬರಿಗೆ ಸಾಕು. ಉಳಿದವರಿಗೆ ದೂರವಾಣಿ ಸಂಖ್ಯೆಗಳಿಲ್ಲದ, ನೋಡಲು ಮಾತ್ರ ಬರುವ ಬೇರೊಂದು ಶೀಟು ಮಾಡಿ. ಫಾರ್ಮಿನ ಸೆಟ್ಟಿಂಗ್ಸ್‌ನಲ್ಲಿ ಉತ್ತರಗಳ ಸಾರಾಂಶ ತೋರಿಸುವ ಆಯ್ಕೆ ಆರಿಸಲ್ಪಟ್ಟಿದ್ದರೆ ಒಬ್ಬರು ತುಂಬಿದ್ದು ಇನ್ನೊಬ್ಬರಿಗೆ ಕಾಣುತ್ತದೆ, ಅದನ್ನೂ ತೆಗೆದುಹಾಕಿ. ಏನಾದರೂ ಅಳಿಸಿಹೋದರೆ ಗಾಬರಿಯಾಗದೆ ಶೀಟಿನ ಆವೃತ್ತಿ ಇತಿಹಾಸ ತೆರೆಯಿರಿ. ಹಿಂದಿನ ರೂಪ ಅಲ್ಲಿ ಸಿಗುತ್ತದೆ.

ನಾನು ಕೆಲಸ ಮಾಡುತ್ತಿದ್ದ ತಂಡವೊಂದರಲ್ಲಿ ನಾಲ್ಕು ವರ್ಷಗಳ ಹಾಜರಿ, ಮಕ್ಕಳ ಓದಿನ ಪ್ರಗತಿ ಎಲ್ಲವೂ ಒಬ್ಬ ಉತ್ಸಾಹಿ ಸ್ವಯಂಸೇವಕರ ಸ್ವಂತ ಖಾತೆಯಲ್ಲಿತ್ತು. ಅವರು ಬೇರೆ ಊರಿಗೆ ಹೋಗಿ, ಆ ಖಾತೆಯನ್ನು ಮುಚ್ಚಿದ ದಿನ ನಮಗೆ ಉಳಿದದ್ದು ಯಾರೋ ಮುದ್ರಿಸಿಟ್ಟಿದ್ದ ಆರು ಹಾಳೆಗಳು. ಅವರ ತಪ್ಪೇನೂ ಇರಲಿಲ್ಲ. ಕೇಳಬೇಕಾದವರು ನಾವು ಕೇಳಿರಲಿಲ್ಲ. ಎರಡನೆಯ ತರಗತಿಯಲ್ಲಿ ಅಕ್ಷರ ಕೂಡಿಸಲಾರದೆ ಕೂತಿದ್ದ ಮಗು ಐದನೆಯ ತರಗತಿಗೆ ಬರುವಷ್ಟರಲ್ಲಿ ಎಲ್ಲಿಗೆ ಮುಟ್ಟಿತೆಂದು ಹೇಳಲು ಇಂದಿಗೂ ನಮ್ಮ ಬಳಿ ಏನೂ ಇಲ್ಲ. ದಯವಿಟ್ಟು ಇಂದೇ ತಂಡದ ಹೆಸರಿನಲ್ಲಿ ಒಂದು ಖಾತೆ ತೆರೆದು, ಗುಪ್ತಪದವನ್ನು ಇಬ್ಬರ ಬಳಿ ಇರಿಸಿ.

ಪ್ರಶ್ನೆ: ತರಗತಿಯ ಮಕ್ಕಳ ಚಿತ್ರಗಳನ್ನು ನಮ್ಮ ಬ್ಲಾಗಿನಲ್ಲಿ ಹಾಕಬಹುದೇ? ದಾನಿಗಳು ಕೇಳುತ್ತಾರೆ.

ಉತ್ತರ: ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಹಾಕಬೇಡಿ. ಮುಖ್ಯೋಪಾಧ್ಯಾಯರು ‘ಪರವಾಗಿಲ್ಲ’ ಎಂದರೆ ಅದು ತಾಯಿತಂದೆಯ ಒಪ್ಪಿಗೆಯಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ವಿವರಗಳ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಬಾಲಮಂದಿರದ ಮಕ್ಕಳು, ದೌರ್ಜನ್ಯಕ್ಕೆ ಒಳಗಾದವರು, ಕಾನೂನಿನೊಡನೆ ಸಂಘರ್ಷಕ್ಕೆ ಸಿಲುಕಿದವರ ವಿಷಯದಲ್ಲಿ ನಿಯಮ ಇನ್ನೂ ಕಟ್ಟುನಿಟ್ಟು: ಬಾಲನ್ಯಾಯ ಕಾಯ್ದೆ, 2015ರ 74ನೆಯ ಕಲಮಿನಂತೆ ಅಂಥ ಮಗುವಿನ ಹೆಸರು, ಚಿತ್ರ, ಶಾಲೆ, ವಿಳಾಸ ಯಾವುದನ್ನೂ ಬಹಿರಂಗಪಡಿಸಕೂಡದು, ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಕಾನೂನನ್ನು ಬದಿಗಿಟ್ಟು ನೋಡಿದರೂ, ಉಚಿತ ಚೀಲ ಹಿಡಿದು ನಿಂತ ಮಗುವಿನ ಚಿತ್ರ ಆ ಮಗು ಇಪ್ಪತ್ತರ ಹರೆಯಕ್ಕೆ ಬಂದಾಗಲೂ ಹುಡುಕಿದವರಿಗೆ ಸಿಗುತ್ತದೆ. ಅದನ್ನು ಬೇಡವೆನ್ನುವ ಅವಕಾಶ ಅದಕ್ಕೆ ಎಂದೂ ಇರಲಿಲ್ಲ. ದಾನಿಗಳಿಗೆ ಮಕ್ಕಳು ಬರೆದ ಕೈಬರಹದ ಹಾಳೆ, ಗೋಡೆಯ ಮೇಲಿನ ಚಿತ್ರ, ಪುಸ್ತಕದ ಮೇಲೆ ಬಾಗಿದ ತಲೆಗಳನ್ನು ಹಿಂದಿನಿಂದ ತೆಗೆದ ನೋಟ ಇಷ್ಟನ್ನು ತೋರಿಸಿ. ತರಗತಿ ನಡೆದಿದೆಯೆಂಬುದಕ್ಕೆ ಅಷ್ಟು ಪುರಾವೆ ಸಾಕು. ಸಮವಸ್ತ್ರದ ಮೇಲಿನ ಶಾಲೆಯ ಲಾಂಛನ ಕಾಣದಂತೆ ನೋಡಿಕೊಳ್ಳಿ. ಮೊಬೈಲಿನ ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಆಯ್ಕೆ ತೆರೆದಿದ್ದರೆ ಚಿತ್ರದ ಕಡತದೊಳಗೆ ಆ ಜಾಗದ ಅಕ್ಷಾಂಶ, ರೇಖಾಂಶ ಅಡಗಿ ಕೂತಿರುತ್ತದೆ, ಆದ್ದರಿಂದ ತರಗತಿಗೆ ಹೋಗುವ ಮೊದಲೇ ಆ ಆಯ್ಕೆಯನ್ನು ನಿಲ್ಲಿಸಿ. ಸ್ವಂತ ಮಕ್ಕಳ ಬಗ್ಗೆ ಬರೆಯುವ ತಾಯಂದಿರೂ ಇದನ್ನು ಗಮನಿಸಬೇಕು. ಬೇಕಿದ್ದರೆ ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಲಾಗನ್ನು ನೀವು ಆರಿಸಿದ ಓದುಗರಿಗೆ ಮಾತ್ರ ತೆರೆಯಬಹುದು.

ಪ್ರಶ್ನೆ: ನಾನು ಸಿಂಗಪುರದಲ್ಲಿದ್ದೇನೆ. ಇಲ್ಲಿನ ಕನ್ನಡದ ಮಕ್ಕಳಿಗಾಗಿ ಹಳೆಯ ಶಿಶುಗೀತೆಗಳನ್ನು ಬ್ಲಾಗಿನಲ್ಲಿ ಸಂಗ್ರಹಿಸುವ ಮನಸ್ಸಿದೆ. ಕವಿಯ ಹೆಸರು ಹಾಕಿದರೆ ಸಾಕಲ್ಲವೆ? ಓದಿಸಲು ಪುಸ್ತಕಗಳೆಲ್ಲಿ ಸಿಗುತ್ತವೆ?

ಉತ್ತರ: ಹೆಸರು ಹಾಕುವುದು ಸೌಜನ್ಯ; ಅದರಿಂದ ಹಕ್ಕು ಬರುವುದಿಲ್ಲ. ಭಾರತದ ಕಾನೂನಿನಲ್ಲಿ ಬರಹಗಾರರು ತೀರಿಕೊಂಡ ಮರುವರ್ಷದಿಂದ ಅರವತ್ತು ವರ್ಷ ಅವರ ಬರಹದ ಮೇಲೆ ಹಕ್ಕುಸ್ವಾಮ್ಯ ಇರುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು, ಆದ್ದರಿಂದ ಅವರ ಪದ್ಯಗಳನ್ನು ನೀವು ಇಡಿಯಾಗಿ ಪ್ರಕಟಿಸಬಹುದು. ಜಿ.ಪಿ. ರಾಜರತ್ನಂ ಅವರು ತೀರಿಕೊಂಡದ್ದು 1979ರಲ್ಲಿ. ನಮ್ಮೆಲ್ಲರ ನಾಲಗೆಯ ಮೇಲಿದ್ದರೂ ಅವರ ಪದ್ಯಗಳಿಗೆ 2039ರ ಕೊನೆಯವರೆಗೆ ರಕ್ಷಣೆಯಿದೆ, ಹಕ್ಕುದಾರರ ಒಪ್ಪಿಗೆ ಕೇಳಬೇಕು. ಹಳೆಯ ಪುಸ್ತಕದ ಚಿತ್ರಗಳಿಗೆ ಕಲಾವಿದರ ಹಕ್ಕು ಬೇರೆ, ಹಾಡಿನ ಧ್ವನಿಮುದ್ರಿಕೆಗೆ ಮತ್ತೂ ಬೇರೆ. ನಿಮ್ಮ ಮನೆಯ ಜೋಗುಳ, ಕೂಸಾಡಿಸುವ ಹಾಡು, ಒಗಟುಗಳನ್ನು ಹಿರಿಯರಿಂದ ಕೇಳಿ ಬರೆದು, ನಿಮ್ಮದೇ ದನಿಯಲ್ಲಿ ಹಾಡಿ ಸೇರಿಸಿದರೆ ಈ ತೊಡಕು ಬಾರದು, ಬೇರೆಲ್ಲಿಯೂ ಸಿಗದ್ದೂ ಅದೇ.

ಪುಸ್ತಕಗಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣವನ್ನು ನೋಡಿ. ಚಿತ್ರಗಳುಳ್ಳ ಕನ್ನಡ ಕಥೆಗಳು ಅಲ್ಲಿ ಓದಿನ ನಾಲ್ಕು ಹಂತಗಳಲ್ಲಿ ವಿಂಗಡಣೆಗೊಂಡಿವೆ. ಮುಕ್ತ ಪರವಾನಗಿಯ ಕಥೆಗಳಾದ್ದರಿಂದ ಇಳಿಸಿಕೊಂಡು ಮುದ್ರಿಸಬಹುದು, ಬೇರೆ ಭಾಷೆಯ ಕಥೆಯನ್ನು ನೀವೇ ಕನ್ನಡಕ್ಕೆ ತರಬಹುದು; ಬರೆದವರ, ಚಿತ್ರ ಬಿಡಿಸಿದವರ, ಅನುವಾದಿಸಿದವರ ಹೆಸರುಗಳನ್ನು ಮಾತ್ರ ಬಿಡಕೂಡದು. ನಿಮ್ಮಲ್ಲಿನ ದೊಡ್ಡ ಮಕ್ಕಳಿಗೆ ಒಂದು ಕಥೆಯನ್ನು ಕೂಡಿ ಅನುವಾದಿಸುವ ಕೆಲಸ ಕೊಟ್ಟು ನೋಡಿ. ‘ನೀನು’, ‘ನೀವು’ಗಳಲ್ಲಿ ಯಾವುದನ್ನು ಯಾರಿಗೆ ಬಳಸಬೇಕೆಂಬ ಪಾಠ ಅಲ್ಲಿ ತಾನಾಗಿ ನಡೆಯುತ್ತದೆ.

ಪ್ರಶ್ನೆ: ನನಗೆ ಅರವತ್ತೆಂಟು ವರ್ಷ. ಹನ್ನೆರಡು ವರ್ಷಗಳಿಂದ ಬ್ಲಾಗು ಬರೆಯುತ್ತಿದ್ದೇನೆ. ನನ್ನ ನಂತರ ಅದು ಏನಾಗುತ್ತದೆ?

ಉತ್ತರ: ಎರಡು ವರ್ಷ ಬಳಕೆಯಾಗದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ 2023ರಲ್ಲಿ ನಿಯಮ ಮಾಡಿದೆ, ಆದ್ದರಿಂದ ನಿಮ್ಮ ಪ್ರಶ್ನೆ ಸಕಾಲಿಕವಾದದ್ದು. ಮೂರು ಕೆಲಸ ಮಾಡಿ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿರುವ ಬ್ಯಾಕಪ್ ಆಯ್ಕೆಯಿಂದ ಎಲ್ಲ ಬರಹಗಳ ಕಡತವನ್ನು ಇಳಿಸಿಕೊಂಡು ಪೆನ್ ಡ್ರೈವಿನಲ್ಲಿಟ್ಟು ಮಗಳಿಗೋ ಗೆಳತಿಗೋ ಕೊಡಿ. ಚಿತ್ರಗಳನ್ನು ಬೇರೆಯಾಗಿ ಉಳಿಸಿಕೊಳ್ಳಿ. ನಿಮಗೆ ಮುಖ್ಯವೆನಿಸಿದ ಪುಟಗಳ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಒಂದೊಂದಾಗಿ ಕೊಟ್ಟರೆ ಅವುಗಳ ಪ್ರತಿ ಅಲ್ಲಿಯೂ ಉಳಿಯುತ್ತದೆ. ಕೊನೆಯದಾಗಿ, ಗೂಗಲ್ ಖಾತೆಯಲ್ಲಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ಪುಟವಿದೆ. ಖಾತೆ ಇಷ್ಟು ತಿಂಗಳು ಸುಮ್ಮನಿದ್ದರೆ ಯಾರಿಗೆ ತಿಳಿಸಬೇಕು, ಅವರಿಗೆ ಯಾವ ಯಾವ ದಾಖಲೆ ಕೊಡಬೇಕೆಂದು ಅಲ್ಲಿ ನೀವೇ ಬರೆದಿಡಬಹುದು. ಆ ಹೆಸರನ್ನು ತುಂಬುವ ಮುನ್ನ, ಅದು ಯಾರ ಹೆಸರೋ ಅವರ ಪಕ್ಕದಲ್ಲಿ ಕುಳಿತು ನಿಮ್ಮ ಬ್ಲಾಗನ್ನು ಒಮ್ಮೆ ತೋರಿಸಿ.