ಅಮಲಾ ಜೊತೆ ಎವೆಡು ತಿನ್ನುವುದು ಹೇಗೆ?

ನೈಜೀರಿಯಾದ ಇಬಾದಾನ್‌ನಲ್ಲಿ ಸಹೋದ್ಯೋಗಿಯ ಮನೆಯವರು ಅಮಲಾ ಎಂಬ ಮುದ್ದೆ, ಎವೆಡು ಎಂಬ ಸೊಪ್ಪಿನ ಸಾರಿನ ಊಟಕ್ಕೆ ಕರೆದಿದ್ದಾರೆ, ತಿನ್ನುವುದು ಹೇಗೆ, ಸಸ್ಯಾಹಾರಿಗೆ ಆಗುತ್ತದಾ ಎಂದು ಕೇಳಿದ್ದೀರಿ. ಅಮಲಾಗೆ ಅದಕ್ಕಿಂತ ಒಳ್ಳೆ ಊರು ಬೇಕಾ, ಹೋಗಿ ಬನ್ನಿ!

ಎವೆಡು ಅಂದರೆ ಸೆಣಬಿನ ಸೊಪ್ಪು. ಬೇಯಿಸಿ, ಇಜಾಬೆ ಎಂಬ ಪುಟ್ಟ ಕಡ್ಡಿ ಪೊರಕೆಯಿಂದ ಪಾತ್ರೆಯಲ್ಲೇ ಬಡಿದು ನುಣ್ಣಗೆ ಮಾಡುತ್ತಾರೆ. ಈಗ ಮಿಕ್ಸಿಯೂ ನಡೆಯುತ್ತದೆ. ಸಾರು ಲೋಳೆಯಾಗಿಯೇ ಇರಬೇಕು, ಕೆಟ್ಟಿದೆ ಅಂದುಕೊಳ್ಳಬೇಡಿ. ಇರು ಎಂಬ ಹುದುಗಿಸಿದ ಬೀಜವನ್ನೂ ಹಾಕುತ್ತಾರೆ. ಅದರ ವಾಸನೆ ಜೋರು, ರುಚಿ ಇನ್ನೂ ಜೋರು.

ಅಮಲಾ ಒಣಗಿಸಿದ ಯಾಮ್ ಗೆಡ್ಡೆಯ ಹಿಟ್ಟಿನದು, ಕಂದು ಬಣ್ಣ. ಕೈ ತೊಳೆದು, ಬಲಗೈಯಲ್ಲಿ ಚಿಕ್ಕ ತುಂಡು ಮುರಿದು, ಹೆಬ್ಬೆರಳಿಂದ ಗುಳಿ ಮಾಡಿ, ಸಾರಲ್ಲಿ ಅದ್ದಿ ನುಂಗಿ. ರಾಗಿಮುದ್ದೆ ಥರ, ಅಗಿಯಬೇಕಿಲ್ಲ. ಎತ್ತುವಾಗ ಸಾರು ಎಳೆ ಬಿಡುತ್ತದೆ. ಕೈ ಸ್ವಲ್ಪ ತಿರುಗಿಸಿದರೆ ತುಂಡಾಗುತ್ತದೆ.

ಪಕ್ಕದಲ್ಲಿ ಹಳದಿ ಸಾರು ಕಂಡರೆ ಅದು ಗ್ಬೆಗಿರಿ, ಸಿಪ್ಪೆ ತೆಗೆದ ಅಲಸಂದೆ ಕಾಳಿನದು. ಎವೆಡು, ಗ್ಬೆಗಿರಿ, ಕೆಂಪು ಮೆಣಸಿನ ಸಾರು ಮೂರೂ ಸೇರಿದರೆ ಅಬುಲಾ. ನನ್ನ ಮಟ್ಟಿಗೆ ಬರೀ ಎವೆಡು ಸಪ್ಪೆ, ಅಬುಲಾನೇ ಸರಿ.

ಸಸ್ಯಾಹಾರಿಗಳಿಗೆ ತೊಂದರೆ ಇರುವುದು ಇಲ್ಲೇ. ಕೆಂಪು ಸಾರಲ್ಲಿ ಸಾಮಾನ್ಯವಾಗಿ ಮಾಂಸ ಅಥವಾ ಮೀನು ಇರುತ್ತದೆ. ಎವೆಡು, ಗ್ಬೆಗಿರಿಗೂ ಸೀಗಡಿ ಪುಡಿ ಹಾಕುವವರಿದ್ದಾರೆ. ಸುಮ್ನೆ ‘ಮಾಂಸ ಬೇಡ’ ಅಂದರೆ ಸಾಲದು. ಮೀನು, ಸೀಗಡಿ ಪುಡಿ, ಮಾಂಸದ ನೀರು ಎಲ್ಲವನ್ನೂ ಹೆಸರಿಸಿ ಹಿಂದಿನ ದಿನವೇ ಹೇಳಿಬಿಡಿ.