ಸದಸ್ಯರು ಕಡಿಮೆ ಅಂದ್ರೆ ಆಡುವವರು ಕಡಿಮೆ ಅಂತಲ್ಲ

ತಮಿಳುನಾಡಿನಲ್ಲಿ ನೋಂದಾಯಿತ ಚೆಸ್ ಆಟಗಾರರು ನಮ್ಮ ಕರ್ನಾಟಕಕ್ಕಿಂತ ಜಾಸ್ತಿ, ಹಾಗಾದ್ರೆ ದಾವಣಗೆರೆ, ಚಿತ್ರದುರ್ಗದ ಕಡೆ ಆಸಕ್ತಿಯೇ ಇಲ್ವಾ ಅಂತ ಕೇಳಿದ್ದೀರಿ. ಖಂಡಿತ ಇದೆ.

ಮೊದಲು ಸಂಖ್ಯೆಯನ್ನು ಜನಸಂಖ್ಯೆಯಿಂದ ಭಾಗಿಸಿ. 2011ರ ಜನಗಣತಿಯಲ್ಲಿ ತಮಿಳುನಾಡು 7.21 ಕೋಟಿ, ಕರ್ನಾಟಕ 6.11 ಕೋಟಿ. ಲಕ್ಷಕ್ಕೆ ಎಷ್ಟು ಜನ ಅಂತ ನೋಡಿದರೆ ಮಾತ್ರ ಹೋಲಿಕೆ ಸರಿ.

ಆದರೆ ಅಸಲು ವಿಷಯ ಬೇರೆ. ಅಖಿಲ ಭಾರತ ಚೆಸ್ ಫೆಡರೇಷನ್‌ನಲ್ಲಿ ಹೆಸರು ಬರೆಸುವವರು ಹೆಚ್ಚಾಗಿ ಟೂರ್ನಿ ಆಡುವವರು. ಮನೆಯಲ್ಲಿ, ಶಾಲೆಯಲ್ಲಿ ಸುಮ್ನೆ ಆಡುವ ಮಕ್ಕಳು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಮೊದಲ ಫಿಡೆ ರೇಟಿಂಗ್ (ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಆಟಗಾರರ ಬಲ ಅಳೆದು ಕೊಡುವ ಅಂಕ) ಸಿಗಲು ರೇಟಿಂಗ್ ಇರುವವರ ಜೊತೆ ಕನಿಷ್ಠ 5 ಆಟ ಆಡಬೇಕು. ಅಂಥ ಟೂರ್ನಿಗೆ ನಮ್ಮ ಮಕ್ಕಳು ಬೆಂಗಳೂರಿಗೆ ಹೋಗಬೇಕಾದರೆ ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್. ಬಸ್ಸು, ರೂಮು, ಪ್ರವೇಶ ಶುಲ್ಕ, ಜೊತೆಗೆ ಅಪ್ಪನೋ ಅಮ್ಮನೋ ರಜೆ ಹಾಕಬೇಕು. ಎರಡು ಸಲ ಹೋಗಿ ಬಂದ ಮೇಲೆ ಎಷ್ಟೋ ಮನೆಯವರು ಸಾಕು ಅಂದುಬಿಡುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ.

ಚೆನ್ನೈನ ವಿಶ್ವನಾಥನ್ ಆನಂದ್ 1988ರಲ್ಲೇ ಚೆಸ್‌ನ ಅತಿ ದೊಡ್ಡ ಬಿರುದಾದ ಗ್ರ್ಯಾಂಡ್‌ಮಾಸ್ಟರ್ ಪಡೆದರು. ನಮ್ಮ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ತೇಜ್‌ಕುಮಾರ್, ಸಿಕ್ಕಿದ್ದು 2017ರಲ್ಲಿ. ಆ ನಡುವಿನ ವರ್ಷಗಳಲ್ಲಿ ತಮಿಳುನಾಡಿನಲ್ಲಿ ಕ್ಲಬ್ಬು, ಕೋಚ್‌ಗಳು ಬೆಳೆದರು.

ನೀವು ಹೋಲಿಸುವುದಾದರೆ ರಾಜ್ಯಕ್ಕೆ ರಾಜ್ಯ ಬೇಡ, ಜಿಲ್ಲೆಗೆ ಜಿಲ್ಲೆ ನೋಡಿ. ವರ್ಷಕ್ಕೆ ಎಷ್ಟು ರೇಟಿಂಗ್ ಟೂರ್ನಿ ನಡೆದವು ಅನ್ನುವುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.